ಮುಖ ಅಳಿಸಿದ ಮೂರನೆಯ ಗೊಂಬೆ

ನಮ್ಮ ಮಗಳ ಮನೆಯ ಅಡುಗೆಮನೆ ಕಿಟಕಿಯ ಕಟ್ಟೆಯ ಮೇಲೆ ಐದು ಮರದ ಗೊಂಬೆಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿವೆ. ಒಂದರೊಳಗೊಂದು ಕೂರುವ ಗೊಂಬೆಗಳು. ನಾಲ್ಕಕ್ಕೆ ಕಣ್ಣು, ಮೂಗು, ಕೆಂಪು ಕೆನ್ನೆ ಎಲ್ಲ ಇವೆ. ನಡುವೆ ನಿಂತ ಮೂರನೆಯದಕ್ಕೆ ಮುಖವೇ ಇಲ್ಲ. ಬೋಳು ಮರ. ಮನೆಗೆ ಬಂದವರೆಲ್ಲ "ಅಯ್ಯೋ, ಇದಕ್ಕೇನಾಯ್ತು?" ಅಂತ ಕೇಳುತ್ತಾರೆ. ಮಗಳು ನನ್ನ ಕಡೆ ನೋಡುತ್ತಾಳೆ. ನಾನು ಕಿಟಕಿಯ ಆಚೆ ನೋಡುತ್ತೇನೆ. ಅಲ್ಲಿ ಹಡರ್ಸ್‌ಫೀಲ್ಡ್ ಅನ್ನುವ ಈ ಪರದೇಶದ ಊರಿನ ಗುಡ್ಡ, ಗುಡ್ಡದ ತಲೆಗೆ ಮೋಡ, ಕೆಳಗೆ ಸಾಲು ಸಾಲು ಕಲ್ಲಿನ ಮನೆಗಳು. ನೋಡುವುದಕ್ಕೇನೂ ಕೊರತೆಯಿಲ್ಲ. ಬಂದವರಿಗೆ ಹೇಳದೆ ಉಳಿಸಿದ್ದನ್ನು ನಿಮಗೆ ಹೇಳುತ್ತೇನೆ.

ಅದಕ್ಕೂ ಮೊದಲು ಮೊಮ್ಮಗಳ ವಿಷಯ. ಅದನ್ನು ಹೇಳದೆ ಬೇರೆ ಯಾವ ವಿಷಯವೂ ಈಗ ನನ್ನ ಬಾಯಿಂದ ಹೊರಡುವುದಿಲ್ಲ. ಹೆಸರು ಇಂಚರ. ಎಂಟು ತುಂಬಿ ಒಂಬತ್ತನೇ ತಿಂಗಳು ನಡೆಯುತ್ತಿದೆ. ಕೆಳಗೆ ಎರಡು ಹಲ್ಲು ಬಂದಿವೆ, ಅಕ್ಕಿಕಾಳು ನೆಟ್ಟ ಹಾಗೆ. ಹಲ್ಲು ಎಲ್ಲ ಮಕ್ಕಳಿಗೂ ಬರುತ್ತೆ ಬಿಡಿ ಅಂತ ನೀವು ಅನ್ನಬಹುದು. ಅನ್ನಿ. ನಾನು ಒಪ್ಪುವುದಿಲ್ಲ. ನನ್ನನ್ನು ಕಂಡರೆ ಅವಳು ಎರಡೂ ಕೈ ತಟ್ಟುತ್ತಾಳೆ. ವಾಷಿಂಗ್ ಮಷೀನ್ ತಿರುಗಿದರೂ ತಟ್ಟುತ್ತಾಳೆ, ಆ ಮಾತು ಬೇರೆ.

ನಾನು ಚನ್ನಪಟ್ಟಣದವನು. ಓದಿದ್ದು ನಾಲ್ಕನೇ ಕ್ಲಾಸು. ಐದನೆಯದರ ಬಾಗಿಲವರೆಗೆ ಹೋಗಿದ್ದೆ, ಅಷ್ಟರಲ್ಲಿ ನಮ್ಮಪ್ಪ ಕೈಗೆ ಉಳಿ ಕೊಟ್ಟರು. ಅಲ್ಲಿಂದಾಚೆಗೆ ನಲವತ್ತೈದು ವರ್ಷ ಮರ ತಿರುಗಿಸುವ ಲೇತ್ ಯಂತ್ರದ ಮುಂದೆ ಕೂತು ಗೊಂಬೆ ಕಡೆದೆ. ಮಗಳು ರೇಖಾ ಆ ಮರದ ಸಿಪ್ಪೆಯ ರಾಶಿಯಲ್ಲೇ ಆಡಿ ಬೆಳೆದವಳು. ಈಗ ಇಲ್ಲಿ ಗೇರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ನಾನು ಮರ ತಿರುಗಿಸಿದೆ, ಅವಳು ಉಕ್ಕು ತಿರುಗಿಸುತ್ತಾಳೆ. ಅಳಿಯ ಪ್ರಸಾದ್ ಧಾರವಾಡದ ಕಡೆಯವರು, ಕಂಪ್ಯೂಟರ್ ಕೆಲಸ, ದಿನಾ ರೈಲಿನಲ್ಲಿ ಲೀಡ್ಸಿಗೆ ಹೋಗಿ ಬರುತ್ತಾರೆ.

ಹೆರಿಗೆ ಸಮಯಕ್ಕೆ ನಮ್ಮ ಮನೆಯವಳು ಜಯಮ್ಮ ಬಂದಿದ್ದಳು. ವೀಸಾದವರು ಒಂದು ಸಲಕ್ಕೆ ಆರು ತಿಂಗಳು ಅಂತ ಇಟ್ಟಿದ್ದಾರೆ. ಅದಕ್ಕೇ ಇಲ್ಲಿನ ನಮ್ಮ ಜನರ ಮನೆಗಳಲ್ಲಿ ಅಜ್ಜಿ ಇಳಿದ ಮೇಲೆ ತಾತ ಹತ್ತುವುದು ಒಂದು ಪದ್ಧತಿಯೇ ಆಗಿದೆ, ಬಸ್ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಡ್ಯೂಟಿ ಬದಲಾಯಿಸಿದ ಹಾಗೆ. ಜಯಮ್ಮ ಊರಿಗೆ ಬಂದು ಎರಡು ತಿಂಗಳಿಗೆ ನಾನು ಹೊರಟೆ. ಅವಳು ಇಲ್ಲಿ ತೊಟ್ಟಿದ್ದ ದಪ್ಪ ಕೋಟನ್ನೇ ನನಗೆ ತೊಡಿಸಿ ಕಳಿಸಿದಳು. ಹೆಂಗಸರ ಕೋಟು, ಸೊಂಟದಲ್ಲಿ ಒಂದು ಬೆಲ್ಟು ಬೇರೆ. ಅದನ್ನೇ ಕಟ್ಟಿಕೊಂಡು ಹಡರ್ಸ್‌ಫೀಲ್ಡೆಲ್ಲ ಓಡಾಡಿದ್ದೇನೆ. ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಯ ಜೋನ್ ಅನ್ನುವ ಮುದುಕಿ ಮಾತ್ರ "ಲವ್ಲೀ ಕೋಟ್" ಅಂದಳು.

ಹೊರಡುವಾಗ ಜಯಮ್ಮ ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದಳು.

"ರೀ, ಹೆತ್ತ ಮಗಳನ್ನೇ ಒಂದು ದಿನ ಎತ್ತಿ ಆಡಿಸಿದವರಲ್ಲ ನೀವು. ಮೊಮ್ಮಗಳನ್ನ ಹೆಂಗ್ ನೋಡ್ಕೋತೀರ?"

"ಯಾಕೆ, ನಲವತ್ತೈದು ವರ್ಷ ಮಕ್ಕಳಿಗಾಗೇ ಅಲ್ವ ದುಡಿದಿದ್ದು?"

"ಮಕ್ಕಳ ಗೊಂಬೆಗೆ ದುಡಿದ್ರಿ. ಮಕ್ಕಳನ್ನ ಕಂಡ್ರಾ?"

ಕಂಡಿರಲಿಲ್ಲ, ನಿಜ. ಬೆಳಗ್ಗೆ ಲೇತ್ ಮುಂದೆ ಕೂತರೆ ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡು ಏಳುವಷ್ಟರಲ್ಲಿ ಮಗು ಮಲಗಿರುತ್ತಿತ್ತು. ಅದಕ್ಕೇ ಈ ಸಲ ನನಗೆ ಎರಡು ಪಾಲು ಆಸೆ.

ರೇಖಾಳ ಹೆರಿಗೆ ರಜೆ ಮುಗಿಯುವುದಕ್ಕೆ ಒಂದು ವಾರವಿತ್ತು. ಮುಂದಿನ ಸೋಮವಾರ ಕಾರ್ಖಾನೆ. ಊಟದ ಮೇಜಿನ ಮೇಲೆ ನರ್ಸರಿಯ ಅರ್ಜಿ ಬಂದು ಕೂತಿತ್ತು. "ಯಾಕವ್ವ, ಬೇಸಿಗೆವರೆಗೂ ನಾನಿರಲ್ವ?" ಅಂದೆ. ಅವಳು, "ಅಪ್ಪ, ಈ ವಾರ ದಿನಾ ಎರಡು ಗಂಟೆ ನಾನು ಹೊರಗೆ ಹೋಗ್ತೀನಿ. ನೀನು, ಮಗು, ಇಬ್ಬರೇ ಇರಿ. ಸರಿಹೋದ್ರೆ ಅರ್ಜಿ ಕೊಡಲ್ಲ" ಅಂದಳು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ನನಗೋಸ್ಕರ ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ ಹನ್ನೊಂದು ಸಾಲು. ಹಾಲು ಎಷ್ಟು ಬಿಸಿ, ಎಷ್ಟು ಹೊತ್ತಿಗೆ ನಿದ್ದೆ, ಮಗುವನ್ನು ಮಲಗಿಸುವಾಗ ಅಂಗಾತ ಮಲಗಿಸುವುದು, ಅಳು ನಿಲ್ಲದಿದ್ದರೆ ಫೋನ್ ಮಾಡುವುದು. ನಾಲ್ಕನೇ ಕ್ಲಾಸಾದ ಮೇಲೆ ನಾನು ಕೂತ ಮೊದಲ ಪರೀಕ್ಷೆ ಅದು.

ಸೋಮವಾರ ಪಾಸು. ಮಂಗಳವಾರವೂ ಪಾಸು. ಮಂಗಳವಾರ ಎಷ್ಟು ಚೆನ್ನಾಗಿ ಪಾಸಾಯಿತು ಅಂದರೆ, ಮಗಳು ಬಂದ ಮೇಲೆ ನಾನೊಬ್ಬನೇ ಎದೆಯುಬ್ಬಿಸಿಕೊಂಡು ಪೇಟೆಯ ಕಡೆ ನಡೆದುಬಿಟ್ಟೆ. ಅಲ್ಲೊಂದು ಹಳೇ ಸಾಮಾನಿನ ಚಾರಿಟಿ ಅಂಗಡಿಯ ಗಾಜಿನ ಹಿಂದೆ, ಒಂದು ಟೀ ಕೆಟಲ್ ಪಕ್ಕದಲ್ಲಿ ಅವಳು ನಿಂತಿದ್ದಳು. ಗುಂಡು ಹೊಟ್ಟೆ, ತಲೆಗೆ ವಸ್ತ್ರ, ನಡುವಿನಲ್ಲಿ ಒಂದು ಗೆರೆ. ಆ ಗೆರೆ ಕಂಡ ಕೂಡಲೇ ನನ್ನ ಕೈ ಎರಡೂ ತಮ್ಮಷ್ಟಕ್ಕೆ ತಾವೇ ತಿರುಚುವಂತೆ ಆಡಿದವು.

"ನಮ್ಮೂರ ಗೊಂಬೆ!" ಅಂತ ಕನ್ನಡದಲ್ಲೇ ಕೂಗಿದೆ.

ಅಂಗಡಿಯಾಕೆ ನಕ್ಕು, "ರಷ್ಯನ್, ಲವ್" ಅಂದಳು. ಇಲ್ಲಿ ಗುರುತಿಲ್ಲದವರನ್ನೂ ಲವ್ ಅಂತಲೇ ಕರೆಯುವುದು.

"ನೋ ನೋ. ಚನ್ನಪಟ್ಟಣ."

"ರೈಟ್ ಯೂ ಆರ್, ಲವ್" ಅಂತ ಕಾಗದ ಸುತ್ತಿ ಕೊಟ್ಟಳು. ಇಲ್ಲಿನ ಜನ ವಾದ ಮಾಡುವುದಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ನಾನು ಸುಳ್ಳು ಹೇಳಿರಲಿಲ್ಲ. ಇಂಥ ಗೊಂಬೆಗಳನ್ನು ನಾನೇ ಎಷ್ಟು ಕಡೆದಿದ್ದೇನೋ ಲೆಕ್ಕವಿಲ್ಲ. ನಮ್ಮವಕ್ಕೆ ಸೀರೆ, ಕುಂಕುಮ, ಮೂಗುಬೊಟ್ಟು. ಇವಳ ತಲೆವಸ್ತ್ರ ನೋಡಿ, ಈ ಚಳಿ ದೇಶಕ್ಕೆ ಕಳಿಸುವುದಕ್ಕೆ ಯಾವನೋ ವ್ಯಾಪಾರಿ ಹಾಗೆ ಬರೆಸಿರಬೇಕು ಅಂದುಕೊಂಡೆ. ಈ ಗೊಂಬೆ ಮಾಡುವಾಗ ದೊಡ್ಡದರಿಂದ ಶುರು ಮಾಡುತ್ತಾರೆ ಅಂತ ಎಲ್ಲರೂ ತಿಳಿಯುತ್ತಾರೆ. ಇಲ್ಲ, ಮೊದಲು ಎಲ್ಲಕ್ಕಿಂತ ಚಿಕ್ಕದು. ಅದು ಗಟ್ಟಿ, ಬಿಡಿಸಲು ಬಾರದು. ಅದರ ಅಳತೆಗೆ ಅದರ ಮೇಲಿನದರ ಹೊಟ್ಟೆ ತೋಡಬೇಕು. ಆಮೇಲೆ ಅದರ ಅಳತೆಗೆ ಇನ್ನೊಂದು. ಒಂದು ಜೊತೆಗೆ ಒಂದೇ ಮರ, ಒಂದೇ ಹದ. ಬೇರೆ ಬೇರೆ ಮರ ಹಾಕಿದರೆ ಒಂದು ಹಿಗ್ಗುತ್ತದೆ, ಒಂದು ಕುಗ್ಗುತ್ತದೆ, ಒಳಗಿನದು ಒಳಗೇ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಬೆಳ್ಳಗಿನ ಹಾಲೆ ಮರ. ಕಡೆದಾದ ಮೇಲೆ ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ತಾಳೆಗರಿ ಹಿಡಿದರೆ ಹೊಳಪು. ಹಳದಿಗೆ ಅರಿಶಿನ. ನಮ್ಮಪ್ಪ ಗಿರಾಕಿಗಳ ಮುಂದೆ ಗೊಂಬೆಯನ್ನು ತಾವೇ ಬಾಯಿಗಿಟ್ಟು ಚೀಪಿ ತೋರಿಸುತ್ತಿದ್ದರು. "ಕೂಸು ಜಗಿದ್ರೂ ಏನೂ ಆಗಲ್ಲ" ಅನ್ನುವುದು ನಮ್ಮ ಬೀದಿಯ ವ್ಯಾಪಾರದ ಮಾತು. ನಾನೂ ನಲವತ್ತೈದು ವರ್ಷ ಅದನ್ನೇ ಹೇಳಿಕೊಂಡು ಬಂದವನು.

ಈಗ ಬುಧವಾರ.

ರೇಖಾ ಕೂದಲು ಕತ್ತರಿಸಿಕೊಂಡು ಬರುತ್ತೇನೆ ಅಂತ ಹೋದಳು. ಇಂಚರಳಿಗೆ ವಸಡು ನೋವು, ಆಗಿನ್ನೂ ಹಲ್ಲು ಮೇಲೆ ಬಂದಿರಲಿಲ್ಲ. ಹಾಳೆಯ ನಾಲ್ಕನೇ ಸಾಲಿನ ಪ್ರಕಾರ ಫ್ರಿಜ್ಜಿನಿಂದ ತಣ್ಣಗಿನ ರಬ್ಬರ್ ಉಂಗುರ ತೆಗೆದು ಕೊಟ್ಟೆ. ಎಸೆದಳು. ಮತ್ತೆ ಕೊಟ್ಟೆ, ಮತ್ತೆ ಎಸೆದಳು. ಕೊನೆಗೆ ಗೊಂಬೆ ತೆಗೆದೆ. ಒಂದು ತೆರೆದೆ, ಒಳಗಿಂದ ಇನ್ನೊಂದು ಬಂತು. ಅಳು ನಿಂತಿತು. ಇನ್ನೊಂದು ತೆರೆದೆ, ಕಣ್ಣು ಅಗಲವಾಯಿತು. ಮುಚ್ಚಿ ಮತ್ತೆ ತೆರೆದೆ, ಮತ್ತೆ ಅಷ್ಟೇ ಆಶ್ಚರ್ಯ. ಒಳಗೆ ಏನಿದೆ ಅಂತ ಗೊತ್ತಿದ್ದೂ ಇಷ್ಟು ಸಂತೋಷಪಡುವುದಕ್ಕೆ ಆ ವಯಸ್ಸೇ ಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ನಾನೂ ಅಷ್ಟೇ ನಗುತ್ತಿದ್ದೆ.

ಅವಳು ಕೈ ಚಾಚಿದಳು. ನಾನೇನು ದಡ್ಡನಲ್ಲ. ಚಿಕ್ಕವು ಎರಡನ್ನೂ ನುಂಗಿಯಾಳು ಅಂತ ಕೋಟಿನ ಜೇಬಿಗೆ ಹಾಕಿಕೊಂಡೆ. ದೊಡ್ಡವು ಎರಡು ಅವಳ ಕೈಗೆ ಭಾರ. ನನ್ನ ಮುಷ್ಟಿ ಗಾತ್ರದ ಮೂರನೆಯದನ್ನು ಗಟ್ಟಿ ಮುಚ್ಚಿ ಕೊಟ್ಟೆ. ಸೀದಾ ಬಾಯಿಗೆ ಹೋಯಿತು. ಅರ್ಧ ಗಂಟೆ ಮನೆಯಲ್ಲಿ ಅಳುವಿನ ಸದ್ದಿಲ್ಲ. ಮಗಳು ಬಂದು ನೋಡಲಿ ಅಂತ ನಾನು ಬಾಗಿಲ ಕಡೆಗೇ ಮುಖ ಮಾಡಿ ಕೂತೆ.

ಬಂದಳು. ನೋಡಿದಳು.

"ಅಪ್ಪಾ! ರಕ್ತ!"

ತಿರುಗಿದರೆ ಇಂಚರಳ ತುಟಿ, ಗಲ್ಲ, ಎದೆಯ ಬಟ್ಟೆಯೆಲ್ಲ ಕೆಂಪು.

"ರಕ್ತ ಅಲ್ಲ ಕಣವ್ವ, ಬಣ್ಣ" ಅಂದೆ. ಸಮಾಧಾನ ಆಗಲಿ ಅಂತಲೇ ಅಂದದ್ದು.

"ಬಣ್ಣಾನಾ? ಯಾವ ಬಣ್ಣ ಅಪ್ಪ? ಏನ್ ಬಣ್ಣ ಅದು?"

"ನಮ್ಮೂರದೇ. ಅರಗು. ಕೂಸು ಜಗಿದ್ರೂ..."

ಅಷ್ಟರಲ್ಲಿ ಮಗಳು ಮಗುವಿನ ಕೈಯಿಂದ ಗೊಂಬೆ ಕಿತ್ತುಕೊಂಡು ನನ್ನ ಮುಖದ ಮುಂದೆ ಹಿಡಿದಿದ್ದಳು. ಅದಕ್ಕೆ ಮುಖವಿರಲಿಲ್ಲ. ನಾನು ಬೆರಳಿಟ್ಟು ಉಜ್ಜಿದೆ. ಬೆರಳೂ ಕೆಂಪಾಯಿತು. ಅರಗು ಹಾಗೆ ಬಿಡುವುದಿಲ್ಲ. ಇದು ನಮ್ಮೂರ ಗೊಂಬೆಯಲ್ಲ ಅಂತ ಆಗ ಗೊತ್ತಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ರೇಖಾ ಫೋನಿನಲ್ಲಿ ನರ್ಸ್ ಜೊತೆ ಮಾತಾಡಿದಳು. ಎಷ್ಟು ಹೊತ್ತು ಬಾಯಲ್ಲಿತ್ತು, ಚೂರೇನಾದರೂ ಒಳಗೆ ಹೋಯಿತಾ, ವಾಂತಿ ಇದೆಯಾ, ಮಗು ಈಗ ಏನು ಮಾಡುತ್ತಿದೆ ಅಂತ ಅವರು ಕೇಳಿದರಂತೆ. ಮಗು ಆಗ ವಾಷಿಂಗ್ ಮಷೀನ್ ನೋಡಿ ಕೈ ತಟ್ಟುತ್ತಿತ್ತು. ಬಾಯಿ ಒರೆಸಿ, ಹಾಲು ಕೊಟ್ಟು, ಗಮನಿಸುತ್ತಿರಿ, ಏನಾದರೂ ಬದಲಾದರೆ ಮತ್ತೆ ಫೋನ್ ಮಾಡಿ ಅಂದರು. ದೇವರ ದಯೆ, ಏನೂ ಆಗಲಿಲ್ಲ.

ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪೆನ್ನು ತೆಗೆದು, ನರ್ಸರಿ ಅರ್ಜಿಯ ಮೊದಲ ಸಾಲಿನಲ್ಲಿ ಮಗುವಿನ ಹೆಸರು ಬರೆದಳು. ಪೆನ್ನಿನ ಸದ್ದು ಮೆಟ್ಟಿಲಿಗೆ ಕೇಳುತ್ತಿತ್ತು.

ಸುದ್ದಿ ನಾನು ಹೇಳುವ ಮುಂಚೆಯೇ ಚನ್ನಪಟ್ಟಣ ತಲುಪಿತ್ತು. ಜಯಮ್ಮ ವಿಡಿಯೋದಲ್ಲಿ ಬಂದಳು.

"ಏನ್ರೀ, ಮಗೂಗೆ ಗೊಂಬೆ ಮುಖ ತಿನ್ನಿಸಿದ್ರಂತೆ?"

"ನಮ್ಮೂರದು ಅಂದ್ಕೊಂಡೆ ಕಣೆ."

"ನಮ್ಮೂರ ಗೊಂಬೆ ಅಷ್ಟು ದೂರದಲ್ಲಿ ಏನ್ ಮಾಡ್ತಿತ್ತು?"

"ನಾನೇನ್ ಮಾಡ್ತಿದೀನಿ ಇಲ್ಲಿ, ಹಂಗಾದ್ರೆ?"

"ಅದನ್ನೇ ನಾನೂ ಕೇಳ್ತಿರೋದು" ಅಂದಳು. ಅವಳ ಜೊತೆ ಮಾತಿನಲ್ಲಿ ನಾನು ಯಾವತ್ತೂ ಗೆದ್ದವನಲ್ಲ.

ಸಂಜೆ ಪ್ರಸಾದ್ ಲೀಡ್ಸಿನಿಂದ ಬಂದವರು ನನ್ನ ಮುಖ ನೋಡಿ, ಗೊಂಬೆ ಕೈಗೆತ್ತಿಕೊಂಡು ಫೋನಿನಲ್ಲಿ ಹುಡುಕಿ ಓದಿ ಹೇಳತೊಡಗಿದರು. ನನ್ನನ್ನು ಮಾತಿಗೆಳೆಯುವ ಉಪಾಯ ಅದು ಅಂತ ನನಗೂ ಗೊತ್ತಿತ್ತು.

"ಮಾವಾರ, ಇದು ರಷ್ಯಾದ್ದ ನೋಡ್ರಿ. ಇಂಥಾ ಗೊಂಬಿ ಮಾಡೂದು ಭಾಳ ಹಳೇದಲ್ಲ, ನೂರು ವರ್ಷದ ಮ್ಯಾಲ ಸ್ವಲ್ಪ. ಮತ್ರ್ಯೋಷ್ಕಾ ಅಂತ ಹೆಸರು, ಅಲ್ಲಿ ಹಳ್ಳಿ ಹೆಣ್ಮಕ್ಕಳ ಹೆಸರಂತ. ಮೊದಲನೇ ಗೊಂಬಿ ಕೈಯಾಗ ಹುಂಜ ಹಿಡಕೊಂಡಿತ್ತಂತ, ಎಲ್ಲಾದಕ್ಕಿಂತ ಒಳಗ ಬಟ್ಟಿ ಸುತ್ತಿದ ಕೂಸು."

"ಅವರಿಗೆ ಯಾರು ಹೇಳಿಕೊಟ್ಟಿದ್ದಂತೆ?"

"ಜಪಾನದಿಂದ ಒಂದು ಗೊಂಬಿ ಬಂದಿತ್ತು, ಅದನ್ನ ನೋಡಿ ಮಾಡಿದ್ರು ಅಂತ ಹೇಳ್ತಾರ. ಖಾತ್ರಿ ಇಲ್ಲ. ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಾಗ ಇಟ್ಟ ಮ್ಯಾಲ ಜಗತ್ತಿಗೆಲ್ಲಾ ಗೊತ್ತಾತಂತ."

ಜಪಾನ್ ಅಂದಾಗ ನನ್ನ ಕಿವಿ ನೆಟ್ಟಗಾಯಿತು. ನಮ್ಮೂರಿನವರೊಬ್ಬರು ಹಿಂದಿನ ಕಾಲದಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಡೆಯುವ ಕೆಲಸ ಕಲಿತು ಬಂದರು ಅಂತ ನಮ್ಮಪ್ಪ ಹೇಳುತ್ತಿದ್ದರು. ಬಿಲ್ಲಿನ ಹಗ್ಗ ಎಳೆದು ಲೇತ್ ತಿರುಗಿಸುತ್ತಿದ್ದ ನಮ್ಮ ಜನ ಆಮೇಲೆ ಹೊಸ ಯಂತ್ರಕ್ಕೆ ಕೂತರಂತೆ. ಇದನ್ನು ಹೇಳಿದ್ದಕ್ಕೆ ಪ್ರಸಾದ್ ತೊಡೆ ತಟ್ಟಿಕೊಂಡರು.

"ಹಂಗಾದ್ರ ನೀವು ಹೇಳಿದ್ದು ಪೂರಾ ತಪ್ಪಲ್ರಿ ಮಾವಾರ. ಈಕಿ ನಿಮ್ಮೂರಾಕಿ ಅಲ್ಲ, ಆದ್ರ ದೂರದ ಸಂಬಂಧ ಐತಿ."

ರೇಖಾ ಪಾತ್ರೆ ತೊಳೆಯುತ್ತಿದ್ದಳು. ನಗಲಿಲ್ಲ.

ಅವರು ಓದಿದ್ದರಲ್ಲಿ ಇನ್ನೊಂದು ಸಂಗತಿ ಇತ್ತು. ಆ ಮೊದಲ ಗೊಂಬೆಗೆ ಚಿತ್ರ ಬರೆದವನೊಬ್ಬ, ಕಡೆದವನು ಇನ್ನೊಬ್ಬನಂತೆ. ಅದು ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದರೆ ರೇಖಾ ನಾಲ್ಕನೆಯದೋ ಐದನೆಯದೋ ಕ್ಲಾಸಿನಲ್ಲಿದ್ದಾಗ ಒಂದು ದಿನ ಲೇತ್ ಹತ್ತಿರ ಬಂದು ನನಗೊಂದು ಹಾಳೆ ಕೊಟ್ಟಿದ್ದಳು. ಗೊಂಬೆಯ ಚಿತ್ರ. ಗೊಂಬೆಯ ಕೆಳಗೆ ಚಕ್ರ, ಚಕ್ರಕ್ಕೆ ಹಲ್ಲು, ಪಕ್ಕದಲ್ಲಿ ಸ್ಕೇಲಿಟ್ಟು ಬರೆದ ಅಳತೆ. "ಅಪ್ಪ, ಇದನ್ನ ಮಾಡು, ತಳ್ಳಿದ್ರೆ ತಲೆ ತಿರುಗುತ್ತೆ" ಅಂದಳು. ಕೈ ತುಂಬ ಕೆಲಸ. "ಹೋಗವ್ವ, ಹೋಮ್‌ವರ್ಕ್ ಮಾಡ್ಕೋ" ಅಂದೆ. ಆ ಹಾಳೆಯಲ್ಲಿ ಕೈಗೆ ಮೆತ್ತಿದ ಅರಗು ಒರೆಸಿಕೊಂಡೆ. ಅವಳು ನೋಡುತ್ತ ನಿಂತಿದ್ದಳು. ಅಷ್ಟೇ. ಆಮೇಲೆ ಯಾವತ್ತೂ ಚಿತ್ರ ತರಲಿಲ್ಲ. ಅವಳಿಗೆ ಇದು ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ.

ಗುರುವಾರ ಬೆಳಗ್ಗೆ ಅವಳು ಟೀ ಕುಡಿಯುತ್ತಿದ್ದಾಗ ಮುಂದೆ ಹೋಗಿ ಕೂತೆ. ಅವಳು ಹೊರಗೆ ಹೋಗುವ ಮಾತು ಎತ್ತಿರಲಿಲ್ಲ.

"ಇವಳಿಗೆ ಕಚ್ಚೋಕೆ ಒಂದು ಬಳೆ ಮಾಡ್ತೀನಿ, ಮರದ್ದು. ನೀನು ಬರೆದುಕೊಡು."

"ಏನ್ ಬರೆದುಕೊಡ್ಲಿ?"

"ಚಿತ್ರ. ಎಷ್ಟು ಅಗಲ, ಎಷ್ಟು ದಪ್ಪ. ಗಂಟಲಿಗೆ ಹೋಗಬಾರದು, ಕೈಗೆ ಭಾರ ಆಗಬಾರದು. ಅದೆಲ್ಲ ನಿಂಗೆ ಗೊತ್ತು. ನೀನು ಹೇಳಿದಂಗೆ ನಾನು ಕಡೀತೀನಿ."

"ಬಣ್ಣ?"

"ಬಣ್ಣ ಬೇಡ."

"ಅರಗು?"

ಅರಗಿಲ್ಲದ ಗೊಂಬೆಯನ್ನು ನಮ್ಮ ಬೀದಿಯಲ್ಲಿ ಕೆಲಸ ಮುಗಿಯದ ಗೊಂಬೆ ಅನ್ನುತ್ತಾರೆ. "ಅದೂ ಬೇಡ. ಬರೀ ಮರ" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನರ್ಸರಿ ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟುಕೊಂಡಳು.

ಲೇತ್ ಎಲ್ಲಿ ಅಂತ ನೀವು ಕೇಳಬೇಕು. ಪಕ್ಕದ ಮನೆಯ ಜೋನ್ ಹಿತ್ತಲಿನ ಶೆಡ್ಡಿನಲ್ಲಿತ್ತು. ತೀರಿಹೋದ ಅವಳ ಗಂಡನದು. ಅವಳು ಬಟ್ಟೆ ಒಣಹಾಕುವಾಗ ಬಾಗಿಲು ತೆರೆದಿರುತ್ತಿತ್ತು. ಬೇರೆಯವರ ಮನೆಯೊಳಗೆ ಇಣುಕಬಾರದು ಅಂತ ಗೊತ್ತು. ಆದರೆ ಲೇತ್ ಇದ್ದ ಕಡೆಗೆ ನನ್ನ ಕಣ್ಣು ತಾನೇ ಹೋಗುತ್ತದೆ. ರೇಖಾ ಹೋಗಿ ಕೇಳಿದಳು. ಜೋನ್ ಬೀಗ ತೆಗೆದು, ಯಂತ್ರದ ಮೇಲಿನ ಬಟ್ಟೆ ಎಳೆದು, ಮೂಲೆಯಲ್ಲಿದ್ದ ಮರದ ತುಂಡುಗಳನ್ನು ತೋರಿಸಿ, "ಹಿ ವುಡ್ ಬಿ ಮೇಡ್ ಅಪ್, ಲವ್" ಅಂದಳು. ತನ್ನ ಗಂಡನಿಗೆ ಖುಷಿಯಾಗುತ್ತಿತ್ತು ಅಂತ ಅದರ ಅರ್ಥವಂತೆ. ಸಿಕಮೋರ್ ಅನ್ನುವ ಮರ. ಕೈಗೆತ್ತಿಕೊಂಡರೆ ನಮ್ಮ ಹಾಲೆಯ ತಂಗಿ, ಅಷ್ಟೇ ಬಿಳುಪು, ಅಷ್ಟೇ ನಯ.

ಶುಕ್ರವಾರ ನಿಂತುಕೊಂಡು ಕಡೆದೆ. ಇಲ್ಲಿನ ಲೇತಿಗೆ ಕೂರುವುದಿಲ್ಲ, ನಿಲ್ಲಬೇಕು. ಮೊದಲನೆಯದು ಕೈತಪ್ಪಿ ಬಿರಿಯಿತು. ಎರಡನೆಯದು ಬಂತು. ರೇಖಾ ಮಗುವನ್ನು ಎದೆಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಾರ್ಖಾನೆಯವರು ಬಳಸುವ ಅಳತೆಯ ಸಾಧನ. ಇಕ್ಕಳದ ಹಾಗೆ ಬಳೆಯನ್ನು ಹಿಡಿದು ನೋಡಿದಳು.

"ಅರ್ಧ ಮಿಲಿಮೀಟರ್ ಜಾಸ್ತಿ ಇದೆ ಅಪ್ಪ."

ನಲವತ್ತೈದು ವರ್ಷ ಕಣ್ಣಳತೆಯಲ್ಲೇ ಕಡೆದವನಿಗೆ ಅರ್ಧ ಮಿಲಿಮೀಟರಿನ ಮಾತು ಹೇಳಿದರೆ ಹೇಗಿರುತ್ತದೆ ನೀವೇ ಹೇಳಿ. "ಆಯ್ತು ಕಣವ್ವ" ಅಂತ ಮತ್ತೆ ಹಚ್ಚಿ ತೆಗೆದೆ. ಅವಳು ಮತ್ತೆ ಅಳೆದಳು. ತನ್ನ ಹಲ್ಲಿಗಿಟ್ಟು ಕಚ್ಚಿ ನೋಡಿದಳು, ನಮ್ಮಪ್ಪ ಗಿರಾಕಿಗಳ ಮುಂದೆ ಮಾಡುತ್ತಿದ್ದ ಹಾಗೇ. ಅವಳು ಹುಟ್ಟುವ ಮುಂಚೆಯೇ ಅವರು ಹೋಗಿದ್ದರು. ಯಾರು ಕಲಿಸಿದರೋ.

ಗೊಂಬೆಗೆ ಮತ್ತೆ ಮುಖ ಬರೆದುಕೊಡುತ್ತೇನೆ ಅಂದೆ. "ಬೇಡ, ಹಾಗೇ ಇರಲಿ" ಅಂತ ಐದನ್ನೂ ತೊಳೆದು ಕಿಟಕಿಯಲ್ಲಿ ನಿಲ್ಲಿಸಿದಳು. ಶನಿವಾರ, ಭಾನುವಾರ ಇಬ್ಬರೂ ನರ್ಸರಿ ಮಾತೆತ್ತಲಿಲ್ಲ. ಅರ್ಜಿ ಮೇಜಿನ ಮೇಲೇ ಇತ್ತು, ಒಂದು ಸಾಲು ತುಂಬಿ. ನಾನು ಅದರ ಪಕ್ಕದಲ್ಲೇ ಕೂತು ತಿಂಡಿ ತಿಂದೆ, ಊಟ ಮಾಡಿದೆ. ಕೇಳುವ ಧೈರ್ಯವಾಗಲಿಲ್ಲ.

ಸೋಮವಾರ ಬೆಳಗ್ಗೆ ರೇಖಾ ಕಾರ್ಖಾನೆಯ ಬೂಟು ಹಾಕಿಕೊಂಡು ಕೆಳಗಿಳಿದಳು. ಮಗುವನ್ನೂ, ಮಗುವಿನ ಚೀಲವನ್ನೂ ಎತ್ತಿಕೊಂಡು ಹೋಗುತ್ತಾಳೆ ಅಂತ ನಾನು ಕೋಟು ತೊಟ್ಟು ತಯಾರಾಗಿ ನಿಂತಿದ್ದೆ, ನರ್ಸರಿ ಬಾಗಿಲವರೆಗಾದರೂ ಹೋಗೋಣ ಅಂತ. ಅವಳು ನನ್ನ ಹತ್ತಿರ ಬಂದು, "ಮನೇಲಿ ಕೋಟ್ ಯಾಕಪ್ಪ, ತೆಗಿ" ಅಂದಳು. ತೆಗೆದೆ. ಇಂಚರಳನ್ನು ನನ್ನ ಕೈಗೆ ಕೊಟ್ಟಳು. "ಐದೂವರೆಗೆ ಬರ್ತೀನಿ" ಅಂದಳು. ಬಾಗಿಲು ಹಾಕಿಕೊಂಡು ಹೋದಳು.

ಇಂಚರ ಬಳೆ ಕಚ್ಚುತ್ತಿದ್ದಳು, ಮರದ ಮೇಲೆ ಆಗಲೇ ಸಣ್ಣ ಗುರುತು ಬಿದ್ದಿತ್ತು. ಮೊದಲನೇ ಹಲ್ಲು! ಮೊದಲು ಕಂಡವನು ನಾನೇ. ಹಾಲಿನ ಹೊತ್ತು ಎಷ್ಟಕ್ಕೆ ಅಂತ ನೋಡಲು ಅವಳನ್ನೆತ್ತಿಕೊಂಡು ಫ್ರಿಜ್ಜಿನ ಹತ್ತಿರ ಹೋದೆ. ಹಾಳೆಯಲ್ಲಿ ಹನ್ನೊಂದರ ಕೆಳಗೆ ಇನ್ನೊಂದು ಸಾಲು ಸೇರಿತ್ತು. ನಾನು ಓದುವುದು ನಿಧಾನ, ಒಂದೊಂದೇ ಅಕ್ಷರ ಕೂಡಿಸಬೇಕು. ಮೊಮ್ಮಗಳಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಓದಿದೆ:

"ಹನ್ನೆರಡು. ಬಾಯಿಗೆ ತಾತ ಮಾಡಿದ್ದು ಮಾತ್ರ."

ಇಂಚರ ಕೈ ತಟ್ಟಿದಳು. ನಾನು ತಿರುಗಿ ನೋಡಿದೆ. ವಾಷಿಂಗ್ ಮಷೀನ್ ನಿಂತಿತ್ತು.